ಚೀಟಿಯಲ್ಲಿ ಇಲ್ಲದ ದಿನಚರಿ

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಇರುವುದು ಹೆಚ್ಚೆಂದರೆ ನಾಲ್ಕು ಸಾಲು. ಹೆಸರು, ವಯಸ್ಸು, ದಿನಾಂಕದ ಮೊಹರು, ಮಾತ್ರೆಗಳ ಹೆಸರು. ಕೊನೆಯಲ್ಲಿ ಇದೇ ಔಷಧ ಮುಂದುವರಿಯಲಿ, ತಿಂಗಳು ಬಿಟ್ಟು ಬನ್ನಿ ಎಂಬರ್ಥದ ಒಂದು ಗೀಚು. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ಇಂಥ ಚೀಟಿಗಳು ನಮ್ಮ ಮನೆಯಲ್ಲಿ ಒಂದು ಬಟ್ಟೆಚೀಲದ ತುಂಬ ಇವೆ. ಅವನ ಹೆಸರಿನಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೊರಟಾಗ ಆ ಚೀಲವನ್ನು ನೆಲಕ್ಕೆ ಸುರಿದು ಒಂದೊಂದನ್ನೇ ಓದುತ್ತಾ ಕುಳಿತೆ. ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವ ತಿಂಗಳು ಹೆಚ್ಚಿಸಿದರು, ಯಾವಾಗ ಇಳಿಸಿದರು ಎಂಬುದೆಲ್ಲ ಸಿಕ್ಕಿತು. ಅವನು ದಿನವನ್ನು ಹೇಗೆ ಕಳೆಯುತ್ತಾನೆ, ಏನನ್ನು ತಾನೇ ಮಾಡಿಕೊಳ್ಳುತ್ತಾನೆ, ಏನಕ್ಕೆ ಇನ್ನೊಬ್ಬರು ಬೇಕು ಎಂದು ಹೇಳುವ ಒಂದು ವಾಕ್ಯವೂ ಸಿಗಲಿಲ್ಲ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಆಸ್ಪತ್ರೆಯವರು ಇಷ್ಟು ವರ್ಷ ಬರೆದುಕೊಂಡು ಬಂದದ್ದು ತಪ್ಪಲ್ಲ. ಕಾಯಿಲೆ ಹತೋಟಿಯಲ್ಲಿದೆಯೇ, ಔಷಧ ಹಿಡಿಸುತ್ತಿದೆಯೇ ಎಂಬುದು ಚಿಕಿತ್ಸೆ ಕೊಡುವವರ ಪ್ರಶ್ನೆ. ಅದಕ್ಕೆ ಆ ನಾಲ್ಕು ಸಾಲು ಸಾಕು. ಪಿಂಚಣಿ ಕೊಡುವ ಸರ್ಕಾರ ಕೇಳುವುದು ಬೇರೆಯೇ ಪ್ರಶ್ನೆ: ಈ ಮನುಷ್ಯ ತನ್ನನ್ನು ತಾನು ನೋಡಿಕೊಳ್ಳಬಲ್ಲನೇ, ನಾಲ್ಕು ಜನರೊಂದಿಗೆ ಬೆರೆಯಬಲ್ಲನೇ, ದುಡಿಯಬಲ್ಲನೇ? ಈ ಎರಡನೆಯ ಪ್ರಶ್ನೆಗೆ ಪುರಾವೆಯನ್ನು ಮಾತ್ರ ಮೊದಲನೆಯದಕ್ಕೆ ಬರೆದ ಕಾಗದಗಳಿಂದಲೇ ತೆಗೆಯಬೇಕು. ನಡುವಿನ ಕಂದಕವನ್ನು ಮುಚ್ಚುವ ಕೆಲಸ ಯಾರದೆಂದು ಯಾವ ನಿಯಮದಲ್ಲೂ ಹೇಳಿಲ್ಲ. ಹಾಗಾಗಿ ಅದು ಮನೆಯವರ ಪಾಲಿಗೆ, ಅದರಲ್ಲೂ ಮನೆಯ ಹೆಂಗಸರ ಪಾಲಿಗೆ ಬಂದು ಬೀಳುತ್ತದೆ.

ನಮಗೆ ಆ ಪ್ರಮಾಣಪತ್ರ ಬೇಕಾದದ್ದು ಅಪ್ಪ ಹೋದ ಮೇಲೆ. ತೆಂಗಿನ ತೋಟ ನುಸಿಪೀಡೆಗೆ ಸಿಕ್ಕು ಸೊರಗಿದೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ನಾನು ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ಬರುವ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿಯನ್ನೂ ಮುಟ್ಟುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಆದರೂ ಅಮ್ಮ ಪಟ್ಟು ಹಿಡಿದಳು. ತಾನು ಇಲ್ಲದ ಕಾಲಕ್ಕೆ ಅವನ ಹೆಸರಿಗೇ ಬರುವ ಒಂದು ಮೊತ್ತ ಇರಲಿ ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳು ಒಂದು ಸಂಜೆ ಹೂ ಕಟ್ಟುತ್ತಾ ಹೇಳಿದಳು: ‘ಊರಿನವರೆಲ್ಲ ಅವನನ್ನು ಸೋಮಾರಿ ಎನ್ನುತ್ತಾರೆ. ಅಲ್ಲ ಎಂದು ಯಾರಾದರೂ ಬರೆದುಕೊಡಲಿ.’

ಶೇಕಡಾವಾರು

ಮಾನಸಿಕ ಕಾಯಿಲೆಯನ್ನು ಅಂಗವಿಕಲತೆ ಎಂದು ಕಾನೂನು ಒಪ್ಪಿಕೊಂಡದ್ದು ಇತ್ತೀಚೆಗೇನೂ ಅಲ್ಲ. 1995ರ ಕಾಯ್ದೆಯಲ್ಲಿದ್ದ ಏಳು ವಿಧಗಳಲ್ಲಿ ಅದೂ ಒಂದಾಗಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಅಂಗವಿಕಲತೆಯ ಪ್ರಮಾಣ ಕನಿಷ್ಠ ಶೇ 40 ಇರಬೇಕು. ಇದ್ದರೆ ಮೀಸಲಾತಿ, ಪಿಂಚಣಿ ಮುಂತಾದವುಗಳ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಕೈಗೆ ಬರುವುದು ಬಿಳಿ ಬಣ್ಣದ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. 40ರಿಂದ 80ರ ಒಳಗಿನವರಿಗೆ ಹಳದಿ, ಅದಕ್ಕೂ ಮೇಲಿನವರಿಗೆ ನೀಲಿ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಯೋಜನೆಯಲ್ಲಂತೂ ಶೇ 80 ಇರಬೇಕು, ಜೊತೆಗೆ ಬಡತನ ರೇಖೆಯ ಕೆಳಗೂ ಇರಬೇಕು. ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ.

ಬೇರೆ ಹಲವು ತೊಂದರೆಗಳಿಗೆ ಅಳತೆಗೋಲು ಕಣ್ಣೆದುರಿಗೇ ಇರುತ್ತದೆ. ದೃಷ್ಟಿಗೆ ಅಕ್ಷರದ ಫಲಕವಿದೆ. ಕಿವಿಗೆ ಆಡಿಯೊಮೆಟ್ರಿ ಇದೆ, ಮಾತು ಬಾರದ ಮಗುವಿಗೆ ಮಲಗಿಸಿಕೊಂಡೇ ಮಾಡುವ ಬೆರಾ ಪರೀಕ್ಷೆಯಿದೆ. ತಲಸ್ಸೀಮಿಯಾ, ಕುಡಗೋಲು ರಕ್ತಕಣ ಕಾಯಿಲೆಗಳಿಗೆ ರಕ್ತಪರೀಕ್ಷೆಯ ವರದಿಯೇ ಮಾತನಾಡುತ್ತದೆ. (ಅವರಿಗೆಲ್ಲ ಇದು ಸುಲಭ ಎಂದು ನಾನು ಹೇಳುತ್ತಿಲ್ಲ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಮುಂದೆ ಅರ್ಧ ದಿನ ಮಗುವನ್ನು ತೊಡೆಯ ಮೇಲೆ ಹೊತ್ತು ಕುಳಿತ ತಾಯಂದಿರನ್ನು ಕಂಡಿದ್ದೇನೆ.) ಅಣ್ಣನ ಕಾಯಿಲೆಯನ್ನು ತೋರಿಸುವ ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಇರುವುದು ಐಡಿಯಾಸ್ ಎಂಬ ಅಳತೆಪಟ್ಟಿ. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಮತ್ತೆ ಒಂದರಿಂದ ನಾಲ್ಕು. ಎಲ್ಲ ಕೂಡಿದರೆ 20. ಶೇ 40 ಎನಿಸಿಕೊಳ್ಳಲು ಏಳು ಅಂಕ ಬೇಕು.

ಇದು ನನಗೆ ಗೊತ್ತಾದದ್ದು ಮೊದಲ ಪ್ರಮಾಣಪತ್ರ ಕೈಗೆ ಬಂದ ಮೇಲೆ. ಅರ್ಜಿ ಹಾಕುವಾಗ ಯಾರೂ ಇದನ್ನು ಹೇಳುವುದಿಲ್ಲ. ಜಾಲತಾಣ ಕೇಳುವುದು ಆಧಾರ್, ಫೋಟೊ, ವಿಳಾಸದ ದಾಖಲೆ. ವೈದ್ಯಕೀಯ ದಾಖಲೆ ಎಂದರೆ ಏನು ತರಬೇಕು, ಅದರಲ್ಲಿ ಏನಿರಬೇಕು ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಇಸ್ತ್ರಿ ಮಾಡಿದ ಅಂಗಿ

ಮಂಡಳಿಯ ದಿನ ಅಮ್ಮ ಬೆಳಗಿನ ಜಾವವೇ ಎದ್ದು ಅಣ್ಣನಿಗೆ ಎಣ್ಣೆ ಹಚ್ಚಿ ತಲೆ ಬಾಚಿದಳು. ಹಿಂದಿನ ದಿನ ಕ್ಷೌರ ಮಾಡಿಸಿದ್ದಳು. ನನ್ನ ಮದುವೆಗೆ ಹೊಲಿಸಿದ್ದ ತಿಳಿನೀಲಿ ಅಂಗಿಗೆ ಇಸ್ತ್ರಿ ಹಾಕಿಸಿ ತೊಡಿಸಿದಳು. ದೊಡ್ಡ ಡಾಕ್ಟರುಗಳ ಮುಂದೆ ಮಗನನ್ನು ಹೇಗೆಂದರೆ ಹಾಗೆ ನಿಲ್ಲಿಸುವವಳಲ್ಲ ಅವಳು. ಜಿಲ್ಲಾಸ್ಪತ್ರೆಯ ಮೊಗಸಾಲೆಯಲ್ಲಿ ಊರುಗೋಲಿನವರು, ಗಾಲಿಕುರ್ಚಿಯವರು, ಕಪ್ಪು ಕನ್ನಡಕದವರು ಸಾಲಾಗಿ ಕುಳಿತಿದ್ದರು. ಅವರ ನಡುವೆ ಕುಳಿತ ಅಣ್ಣನನ್ನು ನೋಡಿದವರು ಅವನು ಯಾರನ್ನೋ ಕರೆದುಕೊಂಡು ಬಂದವನು ಎಂದೇ ತಿಳಿಯುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ನಿಮ್ಮವರು ಯಾರಪ್ಪ, ಒಳಗೆ ಹೋದರಾ?’ ಎಂದು ಅವನನ್ನೇ ಕೇಳಿದರು.

ಒಳಗೆ ನಮಗೆ ಸಿಕ್ಕ ಸಮಯ ಕಡಿಮೆ. ಬಾಗಿಲಾಚೆ ಅಷ್ಟು ಜನ ಕಾಯುತ್ತಿರುವಾಗ ಹೆಚ್ಚು ಸಿಗುವಂತೆಯೂ ಇರಲಿಲ್ಲ. ವೈದ್ಯರು ಸಜ್ಜನರು. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಬಹುವಚನದಲ್ಲೇ ಮಾತನಾಡಿಸಿದರು. ಹೆಸರು ಕೇಳಿದರು, ಹೇಳಿದ. ಇವತ್ತು ಯಾವ ವಾರ ಎಂದರು, ಬುಧವಾರ ಎಂದ. ಮುಖ್ಯಮಂತ್ರಿ ಯಾರು ಎಂದರು, ಅದನ್ನೂ ಹೇಳಿದ. ಅವನು ಪತ್ರಿಕೆಯನ್ನು ಒಂದು ಅಕ್ಷರ ಬಿಡದೆ ಓದುತ್ತಾನೆ. ಊಟ, ನಿದ್ದೆ ಎಲ್ಲ ಸರಿಯಿದೆಯೇ ಎಂದಾಗ ‘ಸರಿಯಿದೆ ಸರ್’ ಎಂದ. ವೈದ್ಯರು ಅಮ್ಮನ ಕಡೆ ತಿರುಗಿದರು.

‘ಮನೆಯಲ್ಲಿ ಗಲಾಟೆ ಗಿಲಾಟೆ ಮಾಡುತ್ತಾರಾ ತಾಯಿ?’

‘ಅಯ್ಯೋ ಇಲ್ಲ ಸ್ವಾಮಿ. ಪಾಪದವನು. ಯಾರ ತಂಟೆಗೂ ಹೋಗುವವನಲ್ಲ. ಹೇಳಿದಂತೆ ಕೇಳುತ್ತಾನೆ.’

‘ಸ್ನಾನ, ಊಟ ಎಲ್ಲ ತಾವೇ ಮಾಡಿಕೊಳ್ಳುತ್ತಾರಾ?’

‘ಮಾಡಿಕೊಳ್ಳುತ್ತಾನೆ ಸ್ವಾಮಿ.’

ಅಮ್ಮ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಗ ಪಕ್ಕದಲ್ಲೇ ಕೈಕಟ್ಟಿ ಕುಳಿತಿದ್ದ. ಅವನ ಎದುರಿಗೆ ಬೇರೆ ಏನನ್ನು ಹೇಳಬಲ್ಲಳು ಅವಳು? ಇಪ್ಪತ್ತು ವರ್ಷ ಅವಳು ನೆಂಟರ ಮುಂದೆ, ನೆರೆಯವರ ಮುಂದೆ, ಅಂಗಡಿಯವರ ಮುಂದೆ ಅವನ ಮರ್ಯಾದೆಯನ್ನು ಕಾಯುತ್ತಲೇ ಬಂದಿದ್ದಾಳೆ. ಮದುವೆಮನೆಯಲ್ಲಿ ಅವನು ಊಟಕ್ಕೆ ಕುಳಿತಾಗ ಪಕ್ಕದ ಎಲೆಗೆ ತಾನೇ ಕುಳಿತುಕೊಳ್ಳುತ್ತಾಳೆ, ಯಾರಾದರೂ ‘ಈಗ ಏನು ಕೆಲಸ’ ಎಂದು ಕೇಳಿದರೆ ಅವನ ಪರವಾಗಿ ತಾನೇ ‘ತೋಟ ನೋಡಿಕೊಳ್ಳುತ್ತಾನೆ’ ಎಂದು ಉತ್ತರಿಸುತ್ತಾಳೆ. ಅಂಥವಳನ್ನು ಒಂದು ಮುಂಜಾನೆ ಕುರ್ಚಿಯಲ್ಲಿ ಕೂರಿಸಿ, ಅದೆಲ್ಲವನ್ನೂ ತಿರುಗಿಸಿ ಹೇಳು ಎಂದರೆ ಆಗುತ್ತದೆಯೇ? ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತ್ಯಂತ ನಿರ್ದಯ ಭಾಗ ಇದು. ಸಾಲಿನಲ್ಲಿ ನಿಲ್ಲುವ ಕಷ್ಟವನ್ನು ಹೇಗೋ ಸಹಿಸಿಕೊಳ್ಳಬಹುದು. ಪ್ರೀತಿಪಾತ್ರರಾದವರ ಅಸಹಾಯಕತೆಯನ್ನು ಅವರ ಕಿವಿಗೆ ಬೀಳುವಂತೆ ಪಟ್ಟಿ ಮಾಡಿ ಹೇಳಿದರೆ ಮಾತ್ರ ನೆರವು ಎಂಬುದು ಸಹಿಸಲಾಗದ ಷರತ್ತು. ಮನೆಯವರನ್ನು ಎರಡು ನಿಮಿಷ ಪ್ರತ್ಯೇಕವಾಗಿ ಮಾತನಾಡಿಸಲು ಒಂದು ಕೋಣೆ ಇದ್ದಿದ್ದರೂ ಸಾಕಾಗಿತ್ತು.

ಇನ್ನೊಂದು ಮಾತು. ಗಲಾಟೆ ಮಾಡುತ್ತಾರಾ ಎಂಬ ಪ್ರಶ್ನೆ ಆ ವೈದ್ಯರೊಬ್ಬರದಲ್ಲ. ಈ ಕಾಯಿಲೆ ಎಂದರೆ ಕೂಗಾಟ, ಬಟ್ಟೆ ಹರಿದುಕೊಳ್ಳುವುದು, ಕಲ್ಲು ಎಸೆಯುವುದು ಎಂದೇ ಊರೂ ತಿಳಿದಿದೆ. ಅಣ್ಣನಿಗೆ ಧ್ವನಿಗಳು ಕೇಳಿಸುವುದು ಮಾತ್ರೆಯಿಂದ ಬಹುಮಟ್ಟಿಗೆ ನಿಂತಿದೆ. ಉಳಿದಿರುವುದು ಅದರ ಇನ್ನೊಂದು ಮುಖ. ಉತ್ಸಾಹವೇ ಇಂಗಿಹೋಗುವುದು, ಶುರುಮಾಡಿದ್ದನ್ನು ನಡುವೆ ಬಿಟ್ಟು ನಿಂತುಬಿಡುವುದು, ಗಂಟೆಗಟ್ಟಲೆ ಒಂದೇ ಕಡೆ ಕುಳಿತಿರುವುದು. ಇದಕ್ಕೆ ಮಾತ್ರೆಗಳಿಂದ ಸಿಗುವ ಗುಣ ಕಡಿಮೆ. ಇದು ಯಾರಿಗೂ ತೊಂದರೆ ಕೊಡುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬ ಮನುಷ್ಯನ ದುಡಿಮೆಯ ವಯಸ್ಸನ್ನೆಲ್ಲ ನುಂಗಿಹಾಕಿದ್ದು ಮಾತ್ರ ಇದೇ.

ಬಂದದ್ದು ಶೇ 40ಕ್ಕಿಂತ ಕಡಿಮೆ.

ಅಡುಗೆಮನೆಯ ನೋಟ್‌ಬುಕ್

ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯ್ದೆಯ 59ನೇ ಕಲಂನಲ್ಲಿ ಅವಕಾಶವಿದೆ. ಅದಕ್ಕೆ ಮುಂಚೆ ಅಂಕ ಎಲ್ಲಿ ತಪ್ಪಿತು ಎಂದು ತಿಳಿದುಕೊಳ್ಳೋಣ ಎಂದು ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋದೆ. ಅಲ್ಲಿನ ಸಮಾಜ ಕಾರ್ಯಕರ್ತೆ, ನನಗಿಂತ ಚಿಕ್ಕ ವಯಸ್ಸಿನವರು, ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ವಿವರಿಸಿದರು. ನಾಲ್ಕು ವಿಷಯಗಳಿಗೆ ಒಂದೊಂದರಂತೆ ನಾಲ್ಕು ಅಂಕ. ನಾವು ಕೊಟ್ಟ ಚೀಟಿಗಳಲ್ಲಿ ಓದಲು ಬರುವಂಥವು ಇತ್ತೀಚಿನ ಕೆಲವು ವರ್ಷಗಳವು ಮಾತ್ರ ಆಗಿದ್ದರಿಂದ ಕಾಯಿಲೆಯ ಅವಧಿ ಎರಡರಿಂದ ಐದು ವರ್ಷ ಎಂದು ಹಿಡಿದು ಎರಡು ಅಂಕ. ಒಟ್ಟು ಆರು. ಹತ್ತು ವರ್ಷ ಮೀರಿದೆ ಎಂಬುದಕ್ಕೆ ಒಂದು ಕಾಗದ ಇದ್ದಿದ್ದರೆ ಅವಧಿಗೇ ನಾಲ್ಕು ಸಿಗುತ್ತಿತ್ತು. ‘ಬೇರೆ ನಾಲ್ಕಕ್ಕೆ ನೀವೊಂದು ಕೆಲಸ ಮಾಡಿ ಮೇಡಂ’ ಎಂದರು ಅವರು. ‘ಅವರಿಗೆ ಏನು ಬರುವುದಿಲ್ಲ ಎಂದು ಯೋಚಿಸಬೇಡಿ. ಬೆಳಗಿನಿಂದ ರಾತ್ರಿಯವರೆಗೆ ಅಮ್ಮ ಏನೇನು ಮಾಡುತ್ತಾರೆ, ಅದನ್ನು ಬರೆದುಕೊಂಡು ಬನ್ನಿ.’

ಆ ವಾರವೇ ಊರಿಗೆ ಹೋದೆ. ರಾತ್ರಿ ಅಡುಗೆಮನೆಯಲ್ಲಿ ಅಮ್ಮ ಮರುದಿನದ ಸಾರಿಗೆ ಅವರೆಕಾಳು ಹಿದುಕುತ್ತಾ ಕುಳಿತಿದ್ದಳು. ನಾನು ಗೆರೆ ಎಳೆದ ನೋಟ್‌ಬುಕ್ ತೆಗೆದು ಎದುರಿಗೆ ಕುಳಿತೆ. ಸ್ನಾನದಿಂದ ಶುರುಮಾಡಿದೆ.

‘ಸ್ನಾನ ಅವನೇ ಮಾಡುತ್ತಾನೆ, ಬರೆದುಕೋ.’

‘ನೀರು ಯಾರು ತೋಡುತ್ತಾರೆ?’

‘ನಾನೇ. ಅವನು ಬಿಸಿನೀರಿಗೆ ತಣ್ಣೀರು ಬೆರೆಸುವುದನ್ನು ಮರೆಯುತ್ತಾನೆ. ಒಂದು ಸಲ ತೊಡೆ ಸುಟ್ಟುಕೊಂಡ.’

‘ಆಮೇಲೆ?’

‘ಆಮೇಲೇನು, ಸೋಪು ಕೈಗೆ ಕೊಟ್ಟು ಬಾಗಿಲ ಹೊರಗೆ ನಿಲ್ಲುತ್ತೇನೆ. ನೀರಿನ ಸದ್ದು ನಿಂತರೆ, ಬೆನ್ನಿಗೆ ಹುಯ್ದುಕೋ ಅನ್ನುತ್ತೇನೆ. ಇಲ್ಲದಿದ್ದರೆ ತಂಬಿಗೆ ಹಿಡಿದು ಹಾಗೇ ನಿಂತುಬಿಡುತ್ತಾನೆ. ಒಗೆದ ಬಟ್ಟೆಯನ್ನು ಬಾಗಿಲ ಮೇಲೆ ಹಾಕಿರುತ್ತೇನೆ. ಹಳೆಯದನ್ನು ಎತ್ತಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಅದನ್ನೇ ಹಾಕಿಕೊಳ್ಳುತ್ತಾನೆ.’

‘ನೀನು ಇಲ್ಲದಿದ್ದಾಗ?’

ಹಿದುಕುತ್ತಿದ್ದ ಕೈ ನಿಂತಿತು. ಅವಳು ಕಣ್ಣಿನ ಆಪರೇಷನ್ನಿಗೆ ಹೋಗಿ ನನ್ನ ಮನೆಯಲ್ಲಿ ಉಳಿದಿದ್ದಾಗ ಚಿಕ್ಕಮ್ಮ ಬಂದು ಅವನಿಗೆ ಊಟ ಕೊಡುತ್ತಿದ್ದಳು. ಅಮ್ಮ ವಾಪಸ್ಸು ಬರುವವರೆಗೂ ಅವನು ಸ್ನಾನ ಮಾಡಿರಲಿಲ್ಲ. ಇದನ್ನು ಹೇಳುವಾಗ ಅಮ್ಮನ ದನಿಯಲ್ಲಿ ದೂರು ಇರಲಿಲ್ಲ. ಇದು ಸಾಕ್ಷ್ಯ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಒಲೆಗೆ ಸೌದೆ ಒಟ್ಟುವಷ್ಟೇ ಸಹಜವಾಗಿ ಅವಳು ಅವನ ದಿನವನ್ನು ನಡೆಸುತ್ತಿದ್ದಳು. ತನ್ನ ಕೆಲಸದ ಎಷ್ಟು ಪಾಲು ಅವನ ‘ತಾನೇ ಮಾಡಿಕೊಳ್ಳುವುದರ’ ಒಳಗೆ ಸೇರಿಹೋಗಿದೆ ಎಂದು ಅವಳಿಗೇ ಲೆಕ್ಕ ತಪ್ಪಿತ್ತು.

ಒಂದೊಂದನ್ನೇ ಕೇಳುತ್ತಾ ಹೋದಂತೆ ಪುಟಗಳು ತುಂಬಿದವು. ಮಾತ್ರೆಯನ್ನು ಅವಳು ಅಂಗೈಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಾಳೆ. ತಟ್ಟೆಯಲ್ಲಿ ಹಾಕಿದಷ್ಟನ್ನು ತಿನ್ನುತ್ತಾನೆ, ಹಸಿವೆಂದು ಕೇಳುವುದಿಲ್ಲ, ಸಾಕೆಂದೂ ಹೇಳುವುದಿಲ್ಲ. ಮನೆಗೆ ಯಾರಾದರೂ ಬಂದರೆ ಹಿತ್ತಲಿಗೆ ಹೋಗಿ ಅವರು ಹೋಗುವವರೆಗೂ ನಿಲ್ಲುತ್ತಾನೆ, ಮಳೆ ಬಂದರೂ ಅಷ್ಟೆ. ತೋಟಕ್ಕೆ ನೀರು ಬಿಡಲು ಹೋದವನು ಮೋಟಾರ್ ಹಾಕಿ ಕಾಲುವೆಯ ಪಕ್ಕ ಕುಳಿತರೆ ನೀರು ಪಕ್ಕದವರ ಹೊಲಕ್ಕೆ ನುಗ್ಗಿದರೂ ಏಳುವುದಿಲ್ಲ. ಪದವಿಯಲ್ಲಿ ಗಣಿತ ಓದುತ್ತಿದ್ದವನ ಕೈಗೆ ಈಗ ಅಂಗಡಿಯವರು ಚಿಲ್ಲರೆ ಕಡಿಮೆ ಕೊಟ್ಟರೆ ಅವನಿಗೆ ತಿಳಿಯುತ್ತದೆ, ಆದರೆ ಕೇಳಲು ಬಾಯಿ ಬರುವುದಿಲ್ಲ. ಇವಿಷ್ಟೂ ಅವನ ಚೀಟಿಯ ಯಾವ ಮೂಲೆಯಲ್ಲೂ ಇಲ್ಲ. ಇವೇ ಆ ನಾಲ್ಕು ವಿಷಯಗಳು.

ಅಪ್ಪನ ಲೆಕ್ಕದ ಪುಸ್ತಕ

ಇನ್ನು ಅವಧಿಯ ಪುರಾವೆ. ಅಣ್ಣ ಮೊದಲ ಸಲ ದಾಖಲಾದದ್ದು ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಈಗ ಆ ಕಟ್ಟಡದಲ್ಲಿ ಬಟ್ಟೆ ಅಂಗಡಿ ಇದೆ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ದಾಖಲೆ ಪಡೆಯುವ ಹಕ್ಕನ್ನು ಕೊಟ್ಟಿದೆ. ಒಳ್ಳೆಯದೇ. ಆದರೆ ಅದೇ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕು ಎನ್ನುತ್ತದೆ. ಜೀವಮಾನದ ಕಾಯಿಲೆಗೆ ಮೂರು ವರ್ಷದ ದಾಖಲೆ. ಹತ್ತು ವರ್ಷದ ಅವಧಿಗೆ ಒಂದು ಕಡೆ ಪೂರ್ಣ ಅಂಕ, ಇನ್ನೊಂದು ಕಡೆ ಅದನ್ನು ತೋರಿಸುವ ಕಾಗದವನ್ನು ನಾಲ್ಕನೆಯ ವರ್ಷಕ್ಕೆ ವಿಲೇವಾರಿ ಮಾಡಲು ಅನುಮತಿ. ಇವೆರಡನ್ನೂ ಬರೆದವರು ಒಂದೇ ಮೇಜಿನ ಸುತ್ತ ಎಂದೂ ಕುಳಿತಿರಲಾರರು.

ನಮ್ಮನ್ನು ಕಾಪಾಡಿದ್ದು ಅಪ್ಪನ ಅಭ್ಯಾಸ. ಅವರು ಪ್ರತಿ ವರ್ಷ ಒಂದು ಲೆಕ್ಕದ ಪುಸ್ತಕ ಬರೆಯುತ್ತಿದ್ದರು. ಕೊಬ್ಬರಿ ಎಷ್ಟಕ್ಕೆ ಹೋಯಿತು, ಗೊಬ್ಬರಕ್ಕೆ ಎಷ್ಟು ಕೊಟ್ಟೆ, ಎಲ್ಲ. ಅಟ್ಟದಿಂದ ಇಳಿಸಿದ ಆ ಪುಸ್ತಕಗಳಲ್ಲಿ ಅಣ್ಣನಿಗೆ ಇಪ್ಪತ್ತೊಂದಾದ ವರ್ಷದ ಒಂದು ಪುಟದಲ್ಲಿ ಹೀಗಿತ್ತು: ಬೆಂಗಳೂರು ಬಸ್ ಚಾರ್ಜು ಮೂವರಿಗೆ, ಇಡ್ಲಿ ಕಾಫಿ, ಔಷಧಿ, ಕರೆಂಟ್ ಚಿಕಿತ್ಸೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಂಖ್ಯೆ. ಅದು ಬೆಂಗಳೂರಿನ ಆಸ್ಪತ್ರೆಯ ನೋಂದಣಿ ಸಂಖ್ಯೆ. ಆ ಸಂಖ್ಯೆಯನ್ನು ಬರೆದು ಅಲ್ಲಿನ ದಾಖಲಾತಿ ವಿಭಾಗಕ್ಕೆ ಅರ್ಜಿ ಕೊಟ್ಟೆ. ಹಳೆಯ ಕಡತ ಸಿಕ್ಕಿತು. ರೋಗದ ಹೆಸರು, ದಾಖಲಾದ ದಿನಾಂಕ, ಬಿಡುಗಡೆಯ ದಿನಾಂಕ ಇದ್ದ ಸಾರಾಂಶಕ್ಕೆ ಮೊಹರು ಹಾಕಿ ಕೊಟ್ಟರು. ಹಣದ ಬಾಬತ್ತಿನ ಆ ಪುಟವನ್ನು ಮುಟ್ಟಿ ನೋಡುವಾಗ ನನಗೆ ಅಪ್ಪನ ಮೇಲೆ ಅಭಿಮಾನ ಉಕ್ಕಿಬಂತು. ಮಗನ ಕಾಯಿಲೆಯ ಬಗ್ಗೆ ಅವರು ಯಾರೊಂದಿಗೂ ಮಾತನಾಡಿದವರಲ್ಲ. ಬರೆದು ಮಾತ್ರ ಇಟ್ಟಿದ್ದರು.

ಇದೇ ದಾರಿಯಲ್ಲಿರುವವರಿಗೆ ಪ್ರಯೋಜನಕ್ಕೆ ಬರಬಹುದಾದ ಇನ್ನೊಂದನ್ನು ಇಲ್ಲೇ ಹೇಳುತ್ತೇನೆ. ಅಣ್ಣ ಕ್ಲೋಜಪಿನ್ ತೆಗೆದುಕೊಳ್ಳುತ್ತಾನೆ. ಬೇರೆ ಔಷಧಗಳಿಗೆ ಕಾಯಿಲೆ ಬಗ್ಗದಿದ್ದಾಗ ಕೊಡುವ ಔಷಧ ಅದು. ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಪ್ರಯೋಗಾಲಯದ ಆ ಅಚ್ಚಾದ ವರದಿಗಳನ್ನು ನಾವು ರದ್ದಿ ಎಂದೇ ತಿಳಿದಿದ್ದೆವು. ಹೊರರೋಗಿ ಚೀಟಿಯ ಶಾಯಿ ಮಾಸಿಹೋಗಿ ದಿನಾಂಕವೂ ಕಾಣದಿದ್ದ ವರ್ಷಗಳಿಗೆ ಅವೇ ದಾಖಲೆಯಾದವು. ಒಂದೊಂದರಲ್ಲೂ ಹೆಸರು, ದಿನಾಂಕ, ಕಳುಹಿಸಿದ ವೈದ್ಯರ ಹೆಸರು ಇತ್ತು. ಔಷಧ ಯಾವುದೆಂಬುದೇ ಕಾಯಿಲೆ ಎಷ್ಟು ಮೊಂಡು ಎಂಬುದನ್ನು ಮನೋವೈದ್ಯರಿಗೆ ಹೇಳುತ್ತದೆ. ಆದರೆ ಯಾರಾದರೂ ಆ ಕಾಗದವನ್ನು ಅವರ ಮುಂದೆ ಇಡಬೇಕು.

ಅವನ ಒಪ್ಪಿಗೆ

ನೋಟ್‌ಬುಕ್ ತುಂಬಿದ ಮೇಲೆ ಅದನ್ನು ಆಸ್ಪತ್ರೆಗೆ ಕೊಡುವ ಮುಂಚೆ ಅಣ್ಣನಿಗೆ ತೋರಿಸಬೇಕು ಎಂದು ನಾನು, ಬೇಡ ಎಂದು ಅಮ್ಮ. ಅವನು ನೊಂದುಕೊಳ್ಳುತ್ತಾನೆ ಎಂಬುದು ಅವಳ ಭಯ. ಭಯ ನನಗೂ ಇತ್ತು. ಆದರೂ ಅವನ ಬದುಕಿನ ಬಗ್ಗೆ ಅವನಿಗೆ ಗೊತ್ತಿಲ್ಲದೆ ಒಂದು ಪುಸ್ತಕ ಬರೆದು ಸರ್ಕಾರಕ್ಕೆ ಒಪ್ಪಿಸುವುದು ಸರಿ ಎಂದು ಅನ್ನಿಸಲಿಲ್ಲ. ಕಾಯ್ದೆಯ ಹೆಸರಿನಲ್ಲೇ ಹಕ್ಕುಗಳು ಎಂಬ ಮಾತಿದೆ. ಹಕ್ಕು ಅವನದು, ಅಮ್ಮನದೂ ನನ್ನದೂ ಅಲ್ಲ.

ಜಗಲಿಯ ಮೇಲೆ ಕುಳಿತು ಅವನು ನಿಧಾನವಾಗಿ ಎಲ್ಲವನ್ನೂ ಓದಿದ. ಸ್ನಾನದ ಪುಟದಲ್ಲಿ ಬಹಳ ಹೊತ್ತು ನಿಂತ. ಏನೂ ಹೇಳಲಿಲ್ಲ. ‘ಮನೆಯಿಂದ ಹೊರಗೆ ಹೋಗುವುದಿಲ್ಲ’ ಎಂದು ನಾನು ಬರೆದಿದ್ದಲ್ಲಿಗೆ ಬಂದಾಗ ಪೆನ್ನು ಕೇಳಿದ. ಆ ಸಾಲನ್ನು ಹೊಡೆದು ಹಾಕಿ, ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದ: ‘ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗೆ ಹೋಗುತ್ತೇನೆ. ಆಗ ಯಾರೂ ಇರುವುದಿಲ್ಲ. ಯಾರಾದರೂ ಇದ್ದರೆ ಹಾಗೇ ಮುಂದಕ್ಕೆ ನಡೆದು ಕೆರೆಯ ಹತ್ತಿರ ಕಾಯುತ್ತೇನೆ.’ ಅವನು ಮಧ್ಯಾಹ್ನದ ಬಿಸಿಲಿನಲ್ಲಿ ಕೆರೆ ಏರಿಯ ಮೇಲೆ ಯಾಕೆ ನಿಂತಿರುತ್ತಾನೆ ಎಂಬುದು ಅಮ್ಮನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಮಾಜ ಕಾರ್ಯಕರ್ತೆ ನೋಟ್‌ಬುಕ್ಕಿನಲ್ಲಿ ಎರಡು ಸಲ ಓದಿದ ಪುಟ ಅದೊಂದೇ.

ಮೇಲ್ಮನವಿಯವರೆಗೆ ಹೋಗಬೇಕಾಗಿ ಬರಲಿಲ್ಲ. ಮರುಪರಿಶೀಲನೆಗೆ ಅದೇ ಆಸ್ಪತ್ರೆ ಒಪ್ಪಿತು. ಈ ಸಲ ಸಮಾಜ ಕಾರ್ಯಕರ್ತೆ ಮೊದಲೇ ಅಮ್ಮನನ್ನು ಬೇರೆ ಕೂರಿಸಿಕೊಂಡು ಮಾತನಾಡಿ, ಒಂದು ಪುಟದ ವರದಿ ಬರೆದು ಮನೋವೈದ್ಯರ ಮೇಜಿನ ಮೇಲಿಟ್ಟರು. ಅಣ್ಣನನ್ನು ಕೇಳಿದ ಪ್ರಶ್ನೆಗಳು ಕಡಿಮೆ. ಹಳದಿ ಕಾರ್ಡ್ ಬಂತು, ಐದು ವರ್ಷದ ಅವಧಿಗೆ. ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಕೊಟ್ಟೆವು. ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ಗೋಜಲು ಎಲ್ಲರಿಗೂ ಗೊತ್ತಿರುವಂಥದ್ದೇ, ಅದನ್ನು ಬರೆಯುವುದಿಲ್ಲ. ಮೊದಲ ಕಂತು ಬಂದ ದಿನ ಅಮ್ಮ ಅವನ ಕೈಯಲ್ಲೇ ಹಣ ತೆಗೆಸಿದಳು.

ಎರಡು ಸಾಲು ಬರೆಯಿರಿ

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯ ಇತಿಹಾಸವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ಇಡೀ ದೇಶಕ್ಕೆ ತೋರಿಸಿದ್ದು ಬಳ್ಳಾರಿ. ಅಣ್ಣನ ಮಾತ್ರೆಗಳು ಇಂದು ಮನೆಗೆ ಹತ್ತಿರದಲ್ಲೇ ಉಚಿತವಾಗಿ ಸಿಗುತ್ತಿದ್ದರೆ ಅದರ ಬೇರು ಅಲ್ಲಿದೆ. ಚಿಕಿತ್ಸೆಯನ್ನು ತಾಲ್ಲೂಕಿಗೆ ತಂದವರು ದಾಖಲೆಯನ್ನೂ ತರಬಹುದು. ಮಾತ್ರೆಯ ಹೆಸರಿನ ಕೆಳಗೆ, ವರ್ಷಕ್ಕೆ ಒಂದೆರಡು ಸಲವಾದರೂ ಎರಡು ಸಾಲು ಬರೆದರೆ ಸಾಕು. ಸ್ನಾನಕ್ಕೆ ನೆರವು ಬೇಕು. ಒಬ್ಬರೇ ಬಸ್ಸಿನಲ್ಲಿ ಹೋಗಲಾರರು. ಕೆಲಸಕ್ಕೆ ಹೋಗಿ ಇಷ್ಟು ವರ್ಷವಾಯಿತು. ವೈದ್ಯರಿಗೆ ಬಿಡುವಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೀಟಿಯ ಹಿಂಬದಿಯಲ್ಲಿ ಆ ನಾಲ್ಕು ವಿಷಯಗಳ ನಾಲ್ಕು ಚೌಕ ಅಚ್ಚುಮಾಡಿಸಿ, ತುಂಬುವ ಕೆಲಸವನ್ನು ಶುಶ್ರೂಷಕಿಗೆ ಒಪ್ಪಿಸಲಿ. ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳಿದ್ದ ಗಡುವನ್ನು 2024ರ ಅಕ್ಟೋಬರ್ ತಿದ್ದುಪಡಿಯಲ್ಲಿ ಮೂರು ತಿಂಗಳಿಗೆ ಏರಿಸಿದ್ದಾರೆ. ಏರಿಸಿದ ಆ ಕಾಲದಲ್ಲಿ ಒಮ್ಮೆ ಯಾರಾದರೂ ಅರ್ಜಿದಾರನ ಮನೆಗೆ ಹೋಗಿ ನೋಡಿ ಬರಲಿ ಎಂದು ಕೇಳುವುದು ಅತಿಯಾಸೆಯೇನಲ್ಲ.

ಹೋಗಿ ನೋಡುವವರು ಇಲ್ಲದೆಯೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುತೇಕರು ತಾವೇ ಅಂಗವಿಕಲರು, ಅಲ್ಪ ಗೌರವಧನಕ್ಕೆ ಮನೆಮನೆ ಸುತ್ತುವವರು. ಯಾರ ಮನೆಯಲ್ಲಿ ಯಾರು ಬಾಗಿಲ ಹಿಂದೆ ಇದ್ದಾರೆ ಎಂದು ಅವರಿಗೆ ಗೊತ್ತು. ಅವರು ಬರೆದ ಒಂದು ಪುಟಕ್ಕೆ ಮಂಡಳಿಯ ಮುಂದೆ ಅಧಿಕೃತ ಬೆಲೆ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಪಂಚಾಯಿತಿಯ ಕಾರ್ಯಕರ್ತರು, ಪೋಲಿಯೊದಿಂದ ಒಂದು ಕಾಲು ಸೊರಗಿದವರು, ಕಳೆದ ತಿಂಗಳು ತ್ರಿಚಕ್ರ ಸ್ಕೂಟರಿನಲ್ಲಿ ಮನೆಗೆ ಬಂದು ನೋಟ್‌ಬುಕ್ಕಿನ ಶೀರ್ಷಿಕೆಗಳನ್ನೆಲ್ಲ ಬರೆದುಕೊಂಡು ಹೋದರು. ಸುತ್ತಲ ಊರುಗಳಲ್ಲಿ ಇಂಥದೇ ಕೆಲವು ಮನೆಗಳಿವೆಯಂತೆ. ಅದರಲ್ಲಿ ಇಬ್ಬರು ಇನ್ನೂ ಮನೋವೈದ್ಯರ ಮುಖವನ್ನೇ ಕಂಡಿಲ್ಲ. ಅವರಿ‍ಗೆ ಪ್ರಮಾಣಪತ್ರಕ್ಕಿಂತ ಮೊದಲು ಚಿಕಿತ್ಸೆ ಆಗಬೇಕು ಎಂದು ಆ ಕಾರ್ಯಕರ್ತರೇ ಹೇಳಿದರು. ಬರುವ ಮಂಗಳವಾರ ಇಬ್ಬರನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೊ ಗೊತ್ತುಮಾಡಿದ್ದಾರೆ. ಒಬ್ಬರ ಮನೆಯವರು ಬರಲು ಹಿಂಜರಿಯುತ್ತಿರುವುದರಿಂದ ಜೊತೆಗೆ ಅಮ್ಮ ಹೋಗುತ್ತಿದ್ದಾಳೆ.